ಪಾಮನಕಲ್ಲೂರಿನ ಸೀರೆ

ಪಂಪಣ್ಣ ಮೋಟರ್‌ಸೈಕಲ್ಲಿಗೆ ಒಂದೇ ಸಮ ಒದೆಯುತ್ತಿದ್ದಾಗ ನರಸಣ್ಣ ಬಂದು ಚಾವಿ ಕಿತ್ತುಕೊಂಡ.

"ಎಲ್ಲಿಗಿ ಹೊಂಟಿ?"

"ಸಿಂಧನೂರಿಗಿ, ಕಾಕಾ. ಒಂದು ಸೀರಿ ತಂದುಬಿಡ್ತೀನಿ. ಅವರ ಹಾದಿ ನೋಡ್ಕೋತ ಕುಂತ್ರ ಹೊತ್ತು ಮುಣಗತೈತಿ."

"ನಿಮ್ಮವ್ವಗ ನೀನ ತವರುಮನಿ ಆಗ್ತಿ ಏನಲೇ? ಹೊಟ್ಟಿಲೆ ಹುಟ್ಟಿದ ಮಗ ತವರಿನ ಸೀರಿ ತಂದ ಅಂದ್ರ ನಾಕು ಊರು ನಗತಾವ. ಒಳಗ ನಡಿ."

ಪಂಪಣ್ಣ ಒಳಗೆ ನಡೆದ. ಯಾರಾದರೂ ಗದರಿಸಿ ಹೇಳಿದರೆ ಸಾಕು, ಮಾಡುವ ಮನುಷ್ಯ ಅವನು. ನರಸಣ್ಣ ಓಣಿಯ ಹಿರಿಯ. ಬದುಕಿದವರ ಮನೆಯಲ್ಲಿ ಅವನನ್ನು ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಅದಕ್ಕೇ ಏನೋ, ಸತ್ತವರ ಮನೆಯಲ್ಲಿ ಅವನ ದನಿ ಜೋರು.

ಪಡಸಾಲೆಯಲ್ಲಿ ಕರೆಮ್ಮನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಗದ್ದಕ್ಕೆ ಕಟ್ಟಿದ ಬಟ್ಟೆಯ ಗಂಟು ನೆತ್ತಿಯ ಮೇಲೆ ಕುಳಿತು, ಮುದುಕಿ ಹಲ್ಲುನೋವಿಗೆ ಪಟ್ಟಿ ಕಟ್ಟಿಕೊಂಡಂತೆ ಕಾಣುತ್ತಿದ್ದಳು. ಹೊರಗೆ ವಳಕಮದಿನ್ನಿಯ ಅರ್ಧ ಊರು ಬಂದು ಕುಳಿತಿತ್ತು. ಕುಣಿ ತೋಡಿ ಆಗಿತ್ತು. ಹಲಗೆಯವರು ಬಂದು ಚಹಾ ಕುಡಿದಿದ್ದರು. ಇಲ್ಲದ್ದು ಒಂದೇ, ಸೀರೆ.

ಈ ಸೀಮೆಯಲ್ಲಿ ಹೆಣ್ಣು ಸತ್ತರೆ ಕಡೆಯ ಸೀರೆ ತವರಿನಿಂದ ಬರಬೇಕು. ತವರಿನವರು ಮನೆ ಬಿಡುವಾಗಲೇ ಅದರ ಸೆರಗಿನ ತುದಿಯನ್ನು ಬೆರಳಗಲ ಹರಿದು ತರುತ್ತಾರೆ. ಹರಿದ ಮೇಲೆ ಅದು ಹೆಣದ ಸೀರೆ, ಬದುಕಿದವರು ಯಾರೂ ಉಡುವಂತಿಲ್ಲ. ಅದನ್ನು ಹೊದಿಸುವ ತನಕ ಹೆಣ ಎತ್ತುವುದಿಲ್ಲ. ಬದುಕಿದ್ದಾಗ ಆಕೆ ಉಂಡಳೋ ಬಿಟ್ಟಳೋ ಎಂದು ಇಣುಕಿ ನೋಡದವರೂ ಈ ಒಂದು ಸೀರೆಯ ವಿಷಯಕ್ಕೆ ದೊಡ್ಡ ಶಾಸ್ತ್ರಿಗಳಾಗಿಬಿಡುತ್ತಾರೆ.

ನರಸಣ್ಣ ಎಲ್ಲರಿಗೂ ಕೇಳಲಿ ಎಂದೇ ಫೋನಿನ ಸ್ಪೀಕರ್ ಹಾಕಿ ಪಾಮನಕಲ್ಲೂರಿಗೆ ಹಚ್ಚಿದ. ಆ ಕಡೆ ಗೋಪಣ್ಣ, ಕರೆಮ್ಮನ ಚಿಕ್ಕಪ್ಪನ ಮಗ. ಆಕೆಗೆ ತವರು ಅಂತ ಇದ್ದದ್ದು ಅವನೊಬ್ಬನ ಮನೆ.

"ಗೋಪಣ್ಣ, ಬೆಳಗಿಲಿಂದ ಫೋನ್ ಮಾಡಾಕತ್ತೀವಿ. ಹೊಂಟೀರಿಲ್ಲೋ?"

"ಹೊಂಟೀವ್ರಿ. ಇಲ್ಲಿ ತೊಗರಿ ಬಡಿಯಾಕ ಆಳು ಬಂದಾರ, ಬಿಟ್ಟು ಬರಂಗಿಲ್ಲ ನೋಡ್ರಿ."

"ತೊಗರಿ ನಾಳಿ ತನಕ ಇರತೈತಿ. ಹೆಣ ಇರಂಗಿಲ್ಲ."

"ನರಸಣ್ಣಾರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಕಿ ನಮಗ ಖಾಸ ಅಲ್ರಿ. ದೂರದಾಕಿ. ನೀವ ಅಲ್ಲಿ ಒಂದು ಸೀರಿ ತಗೊಂಡು ನಮ್ಮ ಹೆಸರಿಲೆ ಹೊದಿಸಿಬಿಡ್ರಿ."

ನರಸಣ್ಣ ಸುತ್ತ ಕುಳಿತವರನ್ನೊಮ್ಮೆ ನೋಡಿದ. ಇಂಥ ಗಳಿಗೆಗೇ ಕಾದು ಕುಳಿತಿದ್ದವನು ಅವನು.

"ಆತು ಬಿಡು. ಟ್ರ್ಯಾಕ್ಟರ್ ಐತಿ. ಹೆಣ ಹಾಕ್ಕೊಂಡು ಬಂದು ನಿಮ್ಮ ಬಾಗಲ ಮುಂದ ಇಳಸ್ತೀವಿ. ಖಾಸ ಅದಾಳೋ ದೂರದಾಕಿ ಅದಾಳೋ ನಿಮ್ಮೂರ ಮಂದಿ ಮುಂದ ಮಾತಾಡೋಣಂತ."

ಆ ಕಡೆ ತೊಗರಿ ಬಡಿಯುವ ಸಪ್ಪಳ ನಿಂತಿತು.

"ಹೊಂಟೀವ್ರಿ," ಎಂದ ಗೋಪಣ್ಣ.

ಒಳಗೆ ಒಲೆಯ ಮುಂದೆ ಮಹೇಶ್ವರಿ ಇದನ್ನೆಲ್ಲ ಕೇಳಿಸಿಕೊಂಡಳು. ಪಂಪಣ್ಣನ ಹೆಂಡತಿ ಆಕೆ, ಕರೆಮ್ಮನ ಸೊಸೆ. ಅವರು ಬರುವುದೊಂದೇ ತಡ, ಸೀರೆಯ ಚಿಂತೆ ಆಕೆಗಿರಲಿಲ್ಲ. ಸೀರೆ ಪಾಮನಕಲ್ಲೂರಿನಲ್ಲಿತ್ತು, ಗೋಪಣ್ಣನ ಹೆಂಡತಿ ಗಂಗಾದೇವಿಯ ಟ್ರಂಕಿನಲ್ಲಿ. ದಾಳಿಂಬರಿ ಬಣ್ಣದ ಇಳಕಲ್ ಸೀರೆ. ಅದನ್ನು ಕೊಂಡು ಅಲ್ಲಿಗೆ ಮುಟ್ಟಿಸಿದವಳು ಸ್ವತಃ ಕರೆಮ್ಮ. ಈ ಮನೆಯಲ್ಲಿ ಅದು ಮಹೇಶ್ವರಿಯನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಗೊತ್ತಾಗಕೂಡದು ಎಂದು ಆಣೆ ಹಾಕಿಸಿಕೊಂಡೇ ಮುದುಕಿ ಕಣ್ಣು ಮುಚ್ಚಿದ್ದಳು.

*

ಕರೆಮ್ಮ ಈ ಊರಿಗೆ ಬಂದದ್ದು ತಾಯಿಯ ಸೊಂಟದ ಮೇಲೆ. ಕಾಲುವೆ ನೀರು ಹೊಸದಾಗಿ ಬಂದಿದ್ದ ಕಾಲ. ಮಸ್ಕಿ ಕಡೆಯ ಒಣಬೇಸಾಯದ ಊರುಗಳಿಂದ ಜನ ನಾಟಿಗೆ, ಕೊಯ್ಲಿಗೆ ಇಳಿದು ಬಂದು ಕಾಲುವೆ ದಂಡೆಯಲ್ಲಿ ಗುಡಿಸಲು ಹಾಕುತ್ತಿದ್ದರು. ಒಂದು ಸುಗ್ಗಿಯಲ್ಲಿ ವಾಂತಿಭೇದಿ ಬಂದು ಆಕೆಯ ತಾಯಿ, ತಂದೆ ಇಬ್ಬರೂ ಆ ದಂಡೆಯಲ್ಲೇ ಮಣ್ಣಾದರು. ಜೊತೆಗೆ ಬಂದಿದ್ದವರು ಗಂಟು ಕಟ್ಟಿಕೊಂಡು ಓಡಿದರು. ಬೋಗುಣಿ, ಕುಡುಗೋಲು, ಉಪ್ಪಿನ ಗಡಿಗೆ ಎಲ್ಲ ನೆನಪಿಟ್ಟು ಒಯ್ದವರಿಗೆ ಕೂಸು ನೆನಪಾಗಲಿಲ್ಲ.

ಊರಲ್ಲಿ ಯಾರೋ ಎತ್ತಿಕೊಂಡು ಸಾಕಿದರು. ಸಾಕಿದರು ಎಂದರೆ ಎಮ್ಮೆಯ ಹಿಂದೆ ಬಿಟ್ಟರು. ದೊಡ್ಡವಳಾದ ಮೇಲೆ, ಬೇರೆಲ್ಲೂ ಹೆಣ್ಣು ಸಿಗದ ಮುದುಕಪ್ಪ ಎಂಬವನಿಗೆ ಕೊಟ್ಟು ಕೈ ತೊಳೆದುಕೊಂಡರು. ಮುದುಕಪ್ಪನ ತಾಯಿಗೆ ಇಂಥ ಸೊಸೆ ಸಿಕ್ಕಿದ್ದು ಬಹಳ ಅನುಕೂಲವಾಯಿತು. ಎಷ್ಟು ಬೈದರೂ ಅತ್ತೆಯ ಕಡೆಯ ಮಾತು ಒಂದೇ. "ತವರಿಲ್ಲದಾಕಿ ಸಿಟ್ಟು ಮಾಡ್ಕೊಂಡು ಎಲ್ಲಿಗಿ ಹೋಗ್ತಾಳ? ಎಮ್ಮಿ ಹಂತ್ಯಾಕ ಹೋಗ್ತಾಳ, ಬರ್ತಾಳ."

ಕರೆಮ್ಮನಿಗೆ ಗೊತ್ತಿದ್ದದ್ದು ತಂದೆಯ ಹೆಸರು ಗದ್ದೆಪ್ಪ, ಮಸ್ಕಿ ಕಡೆಯವನು ಎಂಬುದಷ್ಟೇ. ಆ ಒಂದು ಹೆಸರು ಹಿಡಿದುಕೊಂಡು ಆಕೆ ಲೋಕವನ್ನೆಲ್ಲ ಕೇಳಲು ಶುರುಮಾಡಿದಳು. ಸಿಂಧನೂರಿನ ಸಂತೆಯಲ್ಲಿ, ಲಿಂಗಸುಗೂರಿನ ಬಸ್ಸಿನಲ್ಲಿ, ನಾಟಿಯ ಗದ್ದೆಯಲ್ಲಿ, ಯಾರು ಪಕ್ಕಕ್ಕೆ ಬಂದರೂ ಕುಲದ, ಬೆಡಗಿನ ಅದೇ ಪ್ರಶ್ನೆ. "ನಿಮ್ಮ ಮನಿದೇವ್ರು ಯಾವುದ್ರಿ? ನಿಮ್ಮ ಬೆಡಗು ಯಾವುದ್ರಿ? ನಿಮ್ಮ ಪೈಕಿ ಗದ್ದೆಪ್ಪ ಅಂತ ಯಾರರ ಇದ್ರೇನ್ರಿ?" ಜನ ನಕ್ಕರು. 'ಸಂಬಂಧದ ಕರೆಮ್ಮ' ಎಂದು ಹೆಸರಿಟ್ಟರು. ಆಕೆ ಬರುವುದು ಕಂಡರೆ ಹುಡುಗರು, "ಯಕ್ಕ, ನಮ್ಮ ನಾಯಿ ಬೆಡಗು ಯಾವುದು ಹೇಳು," ಎನ್ನುತ್ತಿದ್ದರು. ಹೀಗೆ ಕೇಳಿ ಕೇಳಿ ಮೂರು ತಾಲೂಕಿನ ಮನೆಗಳ ಸುದ್ದಿ ಆಕೆಯ ತಲೆಯಲ್ಲಿ ತುಂಬಿಕೊಂಡಿತು, ತನ್ನ ಮನೆಯದೊಂದು ಬಿಟ್ಟು.

ಪಂಪಣ್ಣ ಇನ್ನೂ ಅಂಬೆಗಾಲಿಡುತ್ತಿದ್ದಾಗ ನರಸಣ್ಣನ ಮನೆಗೆ ಹೆಳವ ಬಂದ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು, ಮನೆತನದ ಏಳು ತಲೆಯನ್ನು ಬಾಯಲ್ಲೇ ಹೇಳುವವನು. ನರಸಣ್ಣನ ತಾತ ಮುತ್ತಾತರನ್ನೆಲ್ಲ ಹೊಗಳಿ ಕಾಳು ಹಾಕಿಸಿಕೊಂಡು ಎದ್ದವನನ್ನು ಕರೆಮ್ಮ ಅಡ್ಡಗಟ್ಟಿದಳು.

"ನನ್ನ ಮನಿದೂ ಹೇಳಪ್ಪ. ನಮ್ಮಪ್ಪ ಗದ್ದೆಪ್ಪ. ಮಸ್ಕಿ ಕಡಿಯಾವ."

ಹೆಳವ ಕಣ್ಣುಮುಚ್ಚಿ ರಾಗ ಎಳೆದ. ಒಂದೊಂದೇ ಊರು, ಒಂದೊಂದೇ ಮನೆ. ಪಾಮನಕಲ್ಲೂರಿಗೆ ಬಂದಾಗ ಅವನ ಬಾಯಲ್ಲಿ ಆ ಹೆಸರು ಬಂತು. ಇಬ್ಬರು ಅಣ್ಣತಮ್ಮರು. ತಮ್ಮನಿಗೆ ಗೋಪಣ್ಣ ಎಂಬ ಮಗ. ಅಣ್ಣ ಗದ್ದೆಪ್ಪ ಹೆಂಡತಿ ಕಟ್ಟಿಕೊಂಡು ನೀರಾವರಿ ಸೀಮೆಗೆ ದುಡಿಯಲು ಹೋದ, ತಿರುಗಿ ಬರಲಿಲ್ಲ, ಸಂತಾನವಿಲ್ಲ.

"ಸಂತಾನಿಲ್ಲ ಅಂದ್ರ?" ಎಂದಳು ಕರೆಮ್ಮ. "ನಾ ಇಲ್ಲೇ ನಿಂತೀನಲ್ಲ."

"ಹೆಣ್ಣುಮಕ್ಕಳನ್ನ ನಾವು ಹೇಳಂಗಿಲ್ಲ ಬೇ. ಗಂಡುಮಕ್ಕಳಿಗಷ್ಟ ನಮ್ಮ ಪದ."

ತನ್ನನ್ನು ಇಲ್ಲವೆಂದು ಸಾರಿದವನ ಜೋಳಿಗೆಗೆ ಕರೆಮ್ಮ ಮನೆಯಲ್ಲಿದ್ದ ಜೋಳವನ್ನೆಲ್ಲ ಸುರಿದಳು. ಅತ್ತೆ ಒದರಾಡಿದಳು. ಮರುದಿನ ಕರೆಮ್ಮ ಕೂಸನ್ನು ಕಟ್ಟಿಕೊಂಡು ಪಾಮನಕಲ್ಲೂರಿನ ಹಾದಿ ಹಿಡಿದಳು. ಆಗ ಗೋಪಣ್ಣನ ತಾಯಿ ಇದ್ದಳು. ಕಣ್ಣು ಮಂಜಾಗಿದ್ದ ಆ ಮುದುಕಿ ಕರೆಮ್ಮನ ಮುಖದ ಮೇಲೆ ಕೈಯಾಡಿಸಿ, "ಮೂಗು ಗದ್ದೆಪ್ಪಂದ," ಎಂದು ಅತ್ತು, ಜೋಳ ಕೊಬ್ಬರಿ ಹಾಕಿ ಉಡಿ ತುಂಬಿದಳು. ಆ ಮನೆ ಕರೆಮ್ಮನಿಗೆ ಕೊಟ್ಟದ್ದು ಅದೊಂದೇ. ಮುದುಕಿ ಬೇಗ ಸತ್ತಳು.

*

ಬಿಸಿಲು ಏರಿತು. ಅಂಗಳದ ಮಂದಿ ನೆರಳಿಗೆ ಸರಿದು, ದುಃಖ ಬಿಟ್ಟು ಮಾತಿಗೆ ಕುಳಿತರು. ಮಗ್ಗುಲ ಮನೆಯ ಮಾರೆಮ್ಮ ಎಲೆಅಡಿಕೆ ತೆಗೆದಳು.

"ತವರು ಐತಿ, ತವರು ಐತಿ ಅಂತ ಕರೆಮ್ಮ ಹೇಳಿದ್ದ ಕೇಳೀವಿ. ಕಣ್ಣಿಲೆ ಯಾರು ನೋಡ್ಯಾರ? ಮುದುಕಪ್ಪ ಸತ್ತಾಗ ಒಂದು ನರಪಿಳ್ಳಿ ಬರಲಿಲ್ಲ."

"ಪಂಚಮಿಗೊಮ್ಮಿ ಅಲ್ಲಿಂದ ಕುಬಸದ ಖಣ ತರತಿದ್ಲಲ್ಲ," ಎಂದಳು ಇನ್ನೊಬ್ಬಳು.

"ತರತಿದ್ಲು. ಖಣ ಮಸ್ಕಿ ಬಸ್‌ಸ್ಟ್ಯಾಂಡಿನಾಗೂ ಮಾರ್ತಾರ."

ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಚಹಾ ತಂದ ಮಹೇಶ್ವರಿ ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು, ಏಕೆಂದರೆ ಮಾರೆಮ್ಮ ಹೇಳಿದ್ದು ಖರೆ. ಖಣವನ್ನು ಅತ್ತೆ ಮಸ್ಕಿಯಲ್ಲೇ ಕೊಳ್ಳುತ್ತಿದ್ದಳು. ಬೇರೆ ಹೆಣ್ಣುಮಕ್ಕಳು ಹಬ್ಬಕ್ಕೆ ತವರಿಗೆ ಬರಿಗೈಲಿ ಹೋಗಿ ಗಂಟು ಹೊತ್ತು ಬರುತ್ತಾರೆ. ಕರೆಮ್ಮ ಅಕ್ಕಿ ಚೀಲ ಹೊತ್ತು ಹೋಗಿ ಬರಿಗೈಲಿ ಬರುತ್ತಿದ್ದಳು. ದಾರಿಯಲ್ಲಿ ಒಂದು ಖಣ ಕೊಂಡು, ಊರು ಮುಟ್ಟುವಾಗ, "ನಮ್ಮ ಗೋಪಣ್ಣ ಕೊಟ್ಟ," ಎನ್ನುತ್ತಿದ್ದಳು.

ನಗುತ್ತಿದ್ದ ಇದೇ ಮಾರೆಮ್ಮನ ಮಗಳನ್ನು ಸಂತೆಕಲ್ಲೂರಿಗೆ ಕೊಟ್ಟದ್ದು ಕರೆಮ್ಮ ತಂದ ಸಂಬಂಧ. ಗಂಡಿನ ಮನೆಯವರು ಯಾರ ಪೈಕಿ, ಬೆಡಗು ಕೂಡುತ್ತದೋ ಇಲ್ಲವೋ, ಅಜ್ಜನಿಗೆ ಎಷ್ಟು ಮಂದಿ ಹೆಂಡಿರು, ಎಲ್ಲ ತೆಗೆದು ಹೇಳಿದ್ದಳು. ಅಲ್ಲಿ ಕುಳಿತಿದ್ದವರಲ್ಲಿ ಹೀಗೆ ಆಕೆಯ ಬಾಯಿಂದ ಸೊಸೆ ತಂದುಕೊಂಡವರು, ಅಳಿಯನನ್ನು ತಂದುಕೊಂಡವರು ಬಹಳ ಇದ್ದರು. ಉಂಡು ಕೈತೊಳೆದುಕೊಂಡ ಮೇಲೆ ಎಲೆ ಹಾಕಿದವರ ನೆನಪು ಯಾರಿಗಿರುತ್ತದೆ?

"ಬರಲಿಲ್ಲ ಅಂದ್ರ ಏನು ಮಾಡೋದು, ನರಸಣ್ಣ?"

"ಬರಲಿಲ್ಲ ಅಂದ್ರ ತವರಿಲ್ಲದಾಕಿ ಅಂತ ಬರೇ ಅರಿವಿ ಸುತ್ತಿ ಮಣ್ಣು ಮಾಡೋದು. ದಿಕ್ಕಿಲ್ಲದವರಿಗೆ ಮಾಡಿದಂಗ."

ಅದನ್ನು ಕೇಳಿ ಮಹೇಶ್ವರಿಗೆ ಮೈಯುರಿದು ಹೋಯಿತು. ಮುದುಕಿ ಜೀವಮಾನವೆಲ್ಲ ಯಾವ ಮಾತಿಗೆ ಹೆದರಿ ಊರೂರು ತಿರುಗಿದಳೋ ಆ ಮಾತನ್ನು ಹೆಣದ ಮುಂದೆಯೇ ಅಡಿಕೆ ಜಗಿದಷ್ಟು ಸಲೀಸಾಗಿ ಆಡುತ್ತಿದ್ದರು.

*

ಸೀರೆ ಕೊಂಡದ್ದು ಮುದುಕಪ್ಪ ಸತ್ತ ವರ್ಷ. ಗಂಡ ಸತ್ತಾಗ ತವರಿನವರು ಬರಬೇಕಿತ್ತು, ಬಂದಿರಲಿಲ್ಲ. ಊರು ಆಡಿದ್ದನ್ನೆಲ್ಲ ಕರೆಮ್ಮ ಬಾಯಿ ಮುಚ್ಚಿಕೊಂಡು ಕೇಳಿದ್ದಳು. ಆಮೇಲೆ ಒಂದು ನಾಟಿ, ಒಂದು ಕೊಯ್ಲು ದುಡಿದು, ಸೊಸೆಯನ್ನು ಕರೆದುಕೊಂಡು ಸಿಂಧನೂರಿನ ಮಹಮ್ಮದಸಾಬನ ಅಂಗಡಿಗೆ ಹೋದಳು. ಎಲ್ಲ ಹರವಿ ಹರವಿ ನೋಡಿ ದಾಳಿಂಬರಿ ಬಣ್ಣದ್ದನ್ನು ಎತ್ತಿಕೊಂಡಳು. ಸೆರಗಿನ ಉದ್ದಕ್ಕೂ ಬಾಚಣಿಕೆಯ ಹಲ್ಲಿನಂತೆ ಬಿಳಿ ತೆನೆಗಳು.

"ಇದರಾಗ ಒಂದು ತೆನಿ ಮೊಂಡ ಬಂದೈತಿ ಯವ್ವ," ಎಂದ ಮಹಮ್ಮದಸಾಬ, ಬೆರಳಿಟ್ಟು ತೋರಿಸಿ. "ಬ್ಯಾರೆ ತಗೋ."

"ಇರಲಿ ಸಾಬ. ನಂದೂ ಒಂದು ಹಲ್ಲು ಮೊಂಡ ಐತಿ."

ಅಂಗಡಿಯ ಮೆಟ್ಟಿಲಿಳಿಯುವಾಗ ಮಹೇಶ್ವರಿ ಕೇಳಿದಳು. "ಯಾರಿಗಿ ಅತ್ತಿ ಇದು?"

"ನನಗ."

"ನೀವು ಇಂಥಾದ್ದು ಯಾವಾಗ ಉಟ್ಟೀರಿ?"

"ಈಗ ಉಡಾಕಲ್ಲ. ಕಡೀಕ ಉಡಾಕ."

ಅಲ್ಲಿಂದ ನೇರ ಪಾಮನಕಲ್ಲೂರು. ಸೊಸೆಯ ತಲೆಯ ಮೇಲೆ ಅಕ್ಕಿ ಚೀಲ, ಕರೆಮ್ಮನ ಕಂಕುಳಲ್ಲಿ ಸೀರೆ. ಗಂಗಾದೇವಿ ಬಾಗಿಲಲ್ಲೇ ನಿಂತು ಚೀಲದ ಗಾತ್ರ ನೋಡಿದಳು. ಚೀಲ ಹೊತ್ತವಳ ಮುಖ ನೋಡಲಿಲ್ಲ.

"ಆಳಿಗೆ ಅಲ್ಲೇ ಕಟ್ಟಿ ಮ್ಯಾಲ ಕುಂಡ್ರಾಕ ಹೇಳು," ಎಂದಳು.

ಆಳಲ್ಲ, ಸೊಸೆ ಎಂದು ಕರೆಮ್ಮ ಹೇಳಲಿಲ್ಲ. ಮಹೇಶ್ವರಿ ಕಟ್ಟೆಯ ಮೇಲೆ ಕುಳಿತು, ಕಿಟಕಿಯಿಂದ ಬರುವ ಮಾತು ಕೇಳಿದಳು. "ಗಂಗವ್ವ, ನಾ ಸತ್ತ ಸುದ್ದಿ ಬಂದ ದಿನ ಇದನ್ನ ತಗೊಂಡು ಬರ್ರಿ. ತುದಿ ಹರಿಯೋದು ಮರೀಬ್ಯಾಡ. ನಿಮಗ ಒಂದು ಪೈಸಾದ ಖರ್ಚಿಲ್ಲ. ಬಂದು ಮಂದಿ ಮುಂದ ಹೊದಿಸಿದ್ರ ಸಾಕು. ನಿನ್ನ ಮಗಗ ನಾ ಚೊಲೋ ಹೆಣ್ಣು ಹುಡುಕಿ ಕೊಡ್ತೀನಿ, ಅದು ನನ್ನ ಜಿಮ್ಮಾ." ಗಂಗಾದೇವಿ ಸೀರೆಯನ್ನು ಬಿಚ್ಚಿ, ಮಡಿಚಿ, ಮತ್ತೆ ಬಿಚ್ಚುವ ಸಪ್ಪಳ ಕೇಳಿಸಿತು. "ಸೀರಿ ಚೊಲೋ ಐತಿ," ಎಂದಳು. ಹೆಣಕ್ಕೆ ಎಂದೇ ತಂದ ಸೀರೆಗೆ ಯಾರಾದರೂ ಚೊಲೋ ಐತಿ ಎನ್ನುತ್ತಾರೆಯೇ? ಮಹೇಶ್ವರಿಗೆ ಆಗಲೇ ಸಂಶಯ ಬರಬೇಕಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಸೊಸೆ ಮುಖ ತಿರುಗಿಸಿ ಕುಳಿತಳು.

"ಸಿಟ್ಟಾಗಬ್ಯಾಡ ಮಹೇಶಿ. ಸೊಸಿ ತಲಿ ಮ್ಯಾಲ ಚೀಲ ಹೊರಸ್ಯಾಳ ಅಂದ್ರ ನನ್ನ ಹಗುರ ಮಾಡ್ತಾರ ಅಂತ ಬಾಯಿ ಬಿಡಲಿಲ್ಲ."

"ಅವರು ನಿಮ್ಮನ್ನ ಇನ್ನ ಎಷ್ಟು ಹಗುರ ಮಾಡಬೇಕು ಅತ್ತಿ? ಉಗುಳಿದ್ರ ಪ್ರಸಾದ ಅಂತೀರಿ. ಅಂಥವರು ಯಾಕ ಬೇಕು?"

"ನಿನಗ ತವರು ಐತಿ, ಬ್ಯಾಡ ಅಂತಿ," ಎಂದಳು ಕರೆಮ್ಮ. ಸ್ವಲ್ಪ ಹೊತ್ತಿನ ಮೇಲೆ ಸೊಸೆಯ ಕೈ ಹಿಡಿದುಕೊಂಡಳು. "ಪಂಪಗ ಹೇಳಬ್ಯಾಡ. ಯಾರಿಗೂ ಹೇಳಬ್ಯಾಡ. ತವರಿನ ಸೀರಿ ತವರಿನಿಂದ ಬಂತು ಅಂತನ ಇರಲಿ. ನನ್ನ ಆಣಿ ಐತಿ ನಿನಗ."

ಮಹೇಶ್ವರಿ ಆ ಹೊತ್ತಿಗೆ ತಲೆಯಾಡಿಸಿದಳು. ಸಿಟ್ಟು ಮಾತ್ರ ಬಹಳ ದಿನ ಇಳಿಯಲಿಲ್ಲ.

*

ಹೊತ್ತು ವಾಲುವಾಗ ಟಂಟಂ ಬಂದು ಓಣಿಯ ಬಾಯಲ್ಲಿ ನಿಂತಿತು. ಮೊದಲು ಗೋಪಣ್ಣ ಇಳಿದ. ಬಿಳಿ ಅಂಗಿ, ಹೆಗಲ ಮೇಲೆ ವಲ್ಲಿ, ಮುಖದ ತುಂಬ ಟ್ರ್ಯಾಕ್ಟರಿನ ಹೆದರಿಕೆ. ಹಿಂದಿನಿಂದ ಗಂಗಾದೇವಿ ಇಳಿದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಮೈಮೇಲೆ ದಾಳಿಂಬರಿ ಬಣ್ಣದ ಇಳಕಲ್ ಸೀರೆ.

"ಮಣ್ಣಿಗೆ ಬಂದಾಳೋ ಮದಿವಿಗೆ ಬಂದಾಳೋ?" ಎಂದು ಮಾರೆಮ್ಮ ಗೊಣಗಿದಳು.

ಮಹೇಶ್ವರಿ ಬಾಗಿಲಲ್ಲಿ ನಿಂತು ನೋಡಿದಳು. ಗಂಗಾದೇವಿ ಹೆಣದ ಮುಂದೆ ಕುಕ್ಕರಿಸಿ, "ಅಯ್ಯೋ ನಮ್ಮಕ್ಕ, ನಮ್ಮನ್ನ ಬಿಟ್ಟು ಹೋದೆಲ್ಲೇ," ಎಂದು ರಾಗ ತೆಗೆದು ಸೆರಗನ್ನು ಕಣ್ಣಿಗೊತ್ತಿಕೊಂಡಾಗ ತೆನೆಗಳು ಸಾಲಾಗಿ ಕಂಡವು. ನಡುವೆ ಒಂದು ಮೊಂಡು. ಬಣ್ಣ ಸಾಕಷ್ಟು ಮಾಸಿತ್ತು. ಒಂದೆರಡು ಸಲ ಉಟ್ಟ ಸೀರೆಯಲ್ಲ ಅದು. ಎಷ್ಟು ಹಬ್ಬ ನೋಡಿತ್ತೋ, ಎಷ್ಟು ಮದುವೆ ಊಟ ಉಂಡಿತ್ತೋ.

ಉಟ್ಟರೆ ಉಟ್ಟಳು, ಹಾಳಾಗಿ ಹೋಗಲಿ. ಇವತ್ತು, ಇಲ್ಲಿಗೆ ಉಟ್ಟು ಬರಬೇಕೆ? ಸತ್ತವಳು ಎದ್ದು ಕೇಳುವುದಿಲ್ಲ ಎಂಬ ಧೈರ್ಯ. ಅಂಗಡಿಯಲ್ಲಿ ಜೊತೆಗಿದ್ದವಳು ಒಬ್ಬಳಿದ್ದಾಳೆಂಬುದು ಗಂಗಾದೇವಿಗೆ ಗೊತ್ತೇ ಇರಲಿಲ್ಲ. ಚೀಲ ಹೊತ್ತವಳ ಮುಖ ನೋಡುವ ರೂಢಿ ಆ ಮನೆಯಲ್ಲಿ ಇದ್ದಿದ್ದರೆ ಅಲ್ಲವೇ?

ಮಹೇಶ್ವರಿಗೆ ಆ ಕ್ಷಣಕ್ಕೇ ಅವಳ ಜುಟ್ಟು ಹಿಡಿದು ಅಂಗಳಕ್ಕೆ ಎಳೆಯಬೇಕೆನಿಸಿತು. ಎಳೆದರೆ ಎಲ್ಲ ಹೇಳಬೇಕಾಗುತ್ತದೆ. ಮುದುಕಿ ತನ್ನ ಹೆಣದ ಸೀರೆ ತಾನೇ ಕೊಂಡಿದ್ದಳು, ಖಣವೂ ಸುಳ್ಳು, ತವರೂ ಸುಳ್ಳು ಎಂದು ಮಾರೆಮ್ಮನ ಕೈಗೆ ತಾನೇ ಕೊಟ್ಟಂತಾಗುತ್ತದೆ. ಸುಮ್ಮನಿದ್ದರೆ ಅತ್ತೆ ಆ ಪ್ಲಾಸ್ಟಿಕ್ ಚೀಲದಲ್ಲಿದ್ದದ್ದನ್ನು ಹೊದ್ದು ಹೋಗುತ್ತಾಳೆ, ಇವಳು ಅತ್ತೆಯ ಸೀರೆ ಉಟ್ಟು ಮನೆಗೆ ಹೋಗುತ್ತಾಳೆ.

ನರಸಣ್ಣ ಚೀಲಕ್ಕೆ ಕೈಚಾಚಿದ. ಮಹೇಶ್ವರಿ ಅವನಿಗಿಂತ ಮೊದಲು ಅದನ್ನು ಎತ್ತಿಕೊಂಡಳು.

"ಮೊದಲನೇ ನೀರು ತವರಿನ ಹೆಣ್ಣುಮಗಳು ಹಾಕಬೇಕಲ್ಲ ಕಾಕಾ. ಇಷ್ಟು ಚೊಲೋ ಸೀರಿ ತೊಯ್ತದ. ಗಂಗತ್ತಿ, ಸೀರಿ ಬದ್ಲಿಸಾಕ ಒಳಗ ಬರ್ರಿ."

ಕಾಳಿನ ಕೋಣೆಗೆ ಕರೆದೊಯ್ದು ಚಿಲಕ ಹಾಕಿದಳು. ಭತ್ತದ ಚೀಲಗಳ ನಡುವೆ ಇಬ್ಬರು ನಿಲ್ಲುವಷ್ಟೇ ಜಾಗ. ಪ್ಲಾಸ್ಟಿಕ್ ಚೀಲದಿಂದ ಹೊರಬಂದದ್ದು ಜಾಳುಜಾಳಾದ ಹಸಿರು ಸೀರೆ, ಕೊಳೆನೊಣದ ಬಣ್ಣದ್ದು. ತುದಿ ಬೆರಳಗಲ ಹರಿದಿತ್ತು. ಅಷ್ಟು ಶಾಸ್ತ್ರ ಮಾಡಿದ್ದಳು ಪುಣ್ಯಾತ್ಗಿತ್ತಿ.

"ಇದು ಎಲ್ಲಿ ಸಿಕ್ಕಿತ್ರಿ?"

"ಹೆಣಕ್ಕ ಎಂಥಾದಾದ್ರೇನವ್ವ, ಮಣ್ಣಾಗ ಹೋಗೋದು."

"ಹೌದ್ರಿ. ಈಗ ನೀವು ಉಟ್ಟಿದ್ದು ಬಿಚ್ರಿ."

"ಏನಂದಿ?"

"ಬಿಚ್ರಿ ಅಂದೆ. ಅದು ಮಹಮ್ಮದಸಾಬನ ಅಂಗಡ್ಯಾಗ ನಮ್ಮತ್ತಿ ತಗೊಂಡ ಸೀರಿ. ಸೆರಗಿನಾಗ ಒಂದು ತೆನಿ ಮೊಂಡ ಐತಿ, ನೋಡ್ಕೋರಿ."

ಗಂಗಾದೇವಿ ಸೆರಗು ನೋಡಿಕೊಳ್ಳಲಿಲ್ಲ. ಮೊಟ್ಟಮೊದಲ ಸಲ ಮಹೇಶ್ವರಿಯ ಮುಖ ನೋಡಿದಳು.

"ನೀ ಯಾರು?"

"ಅಕ್ಕಿ ಚೀಲ ಹೊತ್ತು ಬಂದಿದ್ದ ಆಳು."

ಗಂಗಾದೇವಿ ಚಿಲಕದ ಕಡೆ ನೋಡಿದಳು. ಆದರೆ ಸುಲಭಕ್ಕೆ ಸೋಲುವ ಹೆಣ್ಣಲ್ಲ ಆಕೆ. ದನಿ ತಗ್ಗಿಸಿ ಮುಂದಕ್ಕೆ ಬಾಗಿದಳು.

"ಒದರ್ಲೇನು? ನಿಮ್ಮತ್ತಿ ತನ್ನ ಹೆಣದ ಸೀರಿ ತಾನ ಕೊಂಡಿಟ್ಟಿದ್ಲು ಅಂತ ಎಲ್ಲರ ಮುಂದ ಹೇಳ್ತೀನಿ. ಯಾರ ಮಾನ ಹೋಗತೈತಿ ನೋಡು."

"ಹೇಳ್ರಿ. ಆ ಹೆಣದ ಸೀರಿ ಉಟ್ಕೊಂಡು ತಿರುಗಿದಾಕಿ ಯಾರು ಅಂತ ನಾ ಹೇಳ್ತೀನಿ. ನಿಮ್ಮ ಮಗ ಸಿದ್ದರಾಮಗ ಇನ್ನೂ ಹೆಣ್ಣು ಸಿಕ್ಕಿಲ್ಲಂತಲ್ಲ. ಹೊರಗ ಮಾರೆಮ್ಮ ಕುಂತಾಳ, ಆಕಿ ಮಗಳನ್ನ ಸಂತೆಕಲ್ಲೂರಿಗೆ ಕೊಟ್ಟಾರ. ಸಂಜಿಮಟ ಮಾತು ಅಲ್ಲಿಗಿ ಮುಟ್ಟತೈತಿ, ನಾಳಿ ಲಿಂಗಸುಗೂರಿಗಿ ಮುಟ್ಟತೈತಿ. ಹೆಣದ ಸೀರಿ ಉಡೋ ಅತ್ತಿ ಮನಿಗಿ ಯಾರು ಹೆಣ್ಣು ಕೊಡ್ತಾರ ನಾನೂ ನೋಡ್ತೀನಿ."

ಹೊರಗೆ ಹಲಗೆ ಒಂದೆರಡು ಪೆಟ್ಟು ಹಾಕಿ ನಿಂತಿತು. ಯಾರೋ ಬಾಗಿಲು ತಟ್ಟಿ, "ಲಗೂ ಮಾಡ್ರಿ," ಎಂದರು. ಗಂಗಾದೇವಿಯ ಕೈ ತಾನಾಗಿಯೇ ಸೊಂಟದ ನೆರಿಗೆಗೆ ಹೋಯಿತು.

ಮಹೇಶ್ವರಿ ಸೀರೆಯನ್ನು ಕೊಡವಿ, ಮೂಲೆಯಲ್ಲಿದ್ದ ತಂಬಿಗೆಯ ನೀರು ಚಿಮುಕಿಸಿ ಶುದ್ಧ ಮಾಡಿ, ಸೆರಗಿನ ತುದಿ ಹಿಡಿದು ಎಳೆದಳು. ದಡಿ ಗಟ್ಟಿಯಾಗಿತ್ತು. ಹಲ್ಲಿನಿಂದ ಕಚ್ಚಿ ಹರಿಯಬೇಕಾಯಿತು. ಹರಿಯುವ ಸಪ್ಪಳಕ್ಕೆ ಆಕೆಗೆ ಬೆಳಗಿನಿಂದ ಬಾರದ ಅಳು ಒಮ್ಮೆಲೇ ಬಂತು. ಗಂಗಾದೇವಿಯ ಮುಂದೆ ಅಳಬಾರದೆಂದು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

"ನಾ ಏನು ಉಡಲಿ?" ಎಂದಳು ಗಂಗಾದೇವಿ, ಲಂಗದಲ್ಲಿ ನಿಂತು. "ನಿಂದೊಂದು ಹಳೇ ಸೀರಿ ಕೊಡವ್ವ."

"ನಿಮ್ಮ ಸೀರಿ ಇಲ್ಲೇ ಐತಲ್ಲ."

"ಅದು ಹರದದ್ದು. ಹೆಣದ್ದು."

"ಹೆಣಕ್ಕ ಎಂಥಾದಾದ್ರೇನು ಅಂದ್ರಲ್ಲ. ಬದುಕಿದವರಿಗೂ ನಡೀತದ, ಉಟ್ಕೋರಿ."

ಬಾಗಿಲು ತೆರೆದು ಮಹೇಶ್ವರಿ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಪಡಸಾಲೆಗೆ ಬಂದಳು. ಮಾರೆಮ್ಮನ ಕಣ್ಣು ಸೀರೆಯಿಂದ, ಹಸಿರು ಸೆರಗಿನ ಹರಿದ ತುದಿಯನ್ನು ಸೊಂಟಕ್ಕೆ ಸಿಗಿಸಿಕೊಂಡು ಹಿಂದೆ ಬರುತ್ತಿದ್ದ ಗಂಗಾದೇವಿಗೆ, ಗಂಗಾದೇವಿಯಿಂದ ಸೀರೆಗೆ ಓಡಿತು. ಆಕೆ ಬಾಯಿ ತೆರೆಯುವ ಮೊದಲೇ ಮಹೇಶ್ವರಿ ಹೇಳಿದಳು.

"ತವರಿನ ಸೀರಿ ಬಂತು, ಕಾಕಾ. 'ತಂದಿದ್ದು ನಮ್ಮಕ್ಕಗ ಕಮ್ಮಿ ಆತು' ಅಂತ ಗಂಗತ್ತಿ ಮೈಮ್ಯಾಲಿನ ಸೀರಿನ ಬಿಚ್ಚಿ ಕೊಟ್ಟಾಳ."

"ಉಟ್ಟ ಸೀರಿ ಹೆಣಕ್ಕ ಹೊದಸಂಗಿಲ್ಲ," ಎಂದ ನರಸಣ್ಣ.

"ಸುಮ್ಮನಿರೋ ನರಸಣ್ಣ," ಎಂದಳು ಮಾರೆಮ್ಮ. ಆಕೆಯ ಕಣ್ಣಲ್ಲಿ ನೀರು ಬಂದಿತ್ತು. "ಮೈಮ್ಯಾಲಿನದು ಬಿಚ್ಚಿ ಕೊಡೋ ತವರು ಯಾರಿಗೈತಿ? ಎಂಥಾ ತವರು ನೋಡ್ರಿ ಕರೆಮ್ಮಂದು. ನಾವ ಏನೇನೋ ಅಂದ್ವಿ."

ಹೆಂಗಸರೆಲ್ಲ ತಲೆಯಾಡಿಸಿದರು. ನಗಲು ಎಷ್ಟು ಹೊತ್ತು ಬೇಕಿತ್ತೋ ಹೊಗಳಲೂ ಅಷ್ಟೇ ಹೊತ್ತು ಸಾಕಾಯಿತು ಆ ಬಾಯಿಗಳಿಗೆ. ಗೋಪಣ್ಣ ಹೆಂಡತಿಯ ಮೈಮೇಲಿನ ಹಸಿರು ಸೀರೆಯನ್ನು ಕಣ್ಣು ಪಿಳುಕಿಸುತ್ತ ನೋಡಿದ. ಏನೂ ತಿಳಿಯದಿದ್ದರೂ ಹೊಗಳಿಕೆ ತನ್ನ ಮನೆಗೆ ಬರುತ್ತಿದೆ ಎಂಬುದು ತಿಳಿಯಿತು. ವಲ್ಲಿ ಸರಿಪಡಿಸಿಕೊಂಡ.

"ನಮ್ಮಕ್ಕಗ ನಾವು ಕಡಿಮಿ ಮಾಡ್ತೀವೇನ್ರಿ?" ಎಂದ.

ಬೆಳಿಗ್ಗೆ ದೂರದಾಕಿ ಎಂದಿದ್ದು ಫೋನಿನಲ್ಲಿ ಕೇಳಿಸಿಕೊಂಡಿದ್ದ ಅಷ್ಟೂ ಮಂದಿ ಹೌದೌದು ಎಂದರು. ಪಂಪಣ್ಣ ಓಡಿಹೋಗಿ, "ಮಾವ," ಎಂದು ಅವನ ಕೊರಳಿಗೆ ಬಿದ್ದು ಅತ್ತ. ಮಹೇಶ್ವರಿ ಆ ಕಡೆ ನೋಡಲಿಲ್ಲ. ಅತ್ತೆಯ ಹೆಗಲ ಸುತ್ತ ಸೆರಗು ಹೊದಿಸಿ, ಮೊಂಡು ತೆನೆ ಎದೆಯ ಮೇಲೆ ಬರುವಂತೆ ಎಳೆದು ಸರಿಮಾಡಿದಳು. ಕರೆಮ್ಮನನ್ನು ಎತ್ತಿದರು.

*

ಮಣ್ಣು ಮುಗಿಸಿ ಪಾಮನಕಲ್ಲೂರಿನ ಗಂಡ ಹೆಂಡತಿ ಸಿಂಧನೂರಿಗೆ ಬಂದು ಮಸ್ಕಿಯ ಟಂಟಂ ಹತ್ತಿದರು. ಸಂಜೆಯಾಗಿತ್ತು, ಮಂದಿ ಕಿಕ್ಕಿರಿದಿದ್ದರು. ಆ ಮಂದಿಯಲ್ಲಿ ಯಾರಿಗೂ ವಳಕಮದಿನ್ನಿಯ ಕತೆ ಗೊತ್ತಿರಲಿಲ್ಲ. ಗಂಗಾದೇವಿ ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿಯ ಪಕ್ಕಕ್ಕೆ ಕುಳಿತು, ಹಸಿರು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಯಾವೂರವ್ವ?" ಎಂದು ಮುದುಕಿ ಮಾತಿಗೆಳೆದಳು. "ಯಾರ ಪೈಕಿ?"

ಗಂಗಾದೇವಿ ಹೊರಗೆ ಮುಖ ತಿರುಗಿಸಿದಳು. ಗಾಡಿ ಊರು ದಾಟಿತು. ಒಂದು ತಗ್ಗಿನಲ್ಲಿ ಧಡಕ್ಕನೆ ಹಾರಿದಾಗ ಬೀಳಬಾರದೆಂದು ಕಂಬಿ ಹಿಡಿದುಕೊಂಡಳು. ಮುಷ್ಟಿ ಬಿಟ್ಟಿತು. ಗಾಳಿಗೆ ಸೆರಗು ಹಾರಿ, ಹರಿದ ತುದಿ ಮುದುಕಿಯ ಮೊಣಕಾಲಿನ ಮೇಲೆ ಹೋಗಿ ಬಿತ್ತು. ಮುದುಕಿ ಅದನ್ನು ನೋಡಿದಳು. ಕೈಯಿಂದ ಮುಟ್ಟದೆ, ಕಾಲು ಕೊಡವಿ ಕೆಳಗೆ ಬೀಳಿಸಿದಳು.

"ಏ ತಮ್ಮ, ಗಾಡಿ ನಿಂದ್ರಸು," ಎಂದಳು ಡ್ರೈವರನಿಗೆ. "ನಾ ಹಿಂದಿನ ಗಾಡಿಗೆ ಬರ್ತೀನಿ."

ಆಕೆ ಇಳಿದಳು. ಕಾರಣ ಕೇಳಿದವರಿಗೆ ಕಣ್ಣಿನಲ್ಲೇ ಸೆರಗು ತೋರಿಸಿದಳು. ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ಗೋಪಣ್ಣ ಎದ್ದು, ಹೆಂಡತಿಯ ಸೀರೆ ತನಗೆ ತಾಕದಂತೆ ವಲ್ಲಿ ಎತ್ತಿ ಹಿಡಿದು ಇಳಿದು, ಮುಂದೆ ಹೋಗಿ ಡ್ರೈವರನ ಮಗ್ಗುಲಿಗೆ ಕುಳಿತ.